ಎರೆನೆಲದ ಮೇಲೆ ಕಾಂಕ್ರೀಟು ಅಂಗಳ: ಚದರ ಅಡಿಯ ದರ ಹೇಳದ ಅರ್ಧ ಲೆಕ್ಕ

ಸಿರಸಂಗಿ: ಮನೆ ಕಟ್ಟಿಸುವವರು ಪಾಯ, ಗೋಡೆ ಹಾಗೂ ಸ್ಲ್ಯಾಬಿನ ಲೆಕ್ಕವನ್ನು ತಿಂಗಳುಗಟ್ಟಲೆ ಹಾಕುತ್ತಾರೆ. ಗೇಟಿನಿಂದ ಮನೆಯ ಕಟ್ಟೆಯವರೆಗಿನ ದಾರಿಯ ಲೆಕ್ಕ ಮಾತ್ರ ಕೊನೆಯ ದಿನ ನಿಂತ ಕಾಲ ಮೇಲೆ ಮುಗಿದುಹೋಗುತ್ತದೆ. ಗೌಂಡಿ ಅಂಗಳವನ್ನೊಮ್ಮೆ ನೋಡಿ ಚದರ ಅಡಿಗೆ ಇಷ್ಟು ಎನ್ನುತ್ತಾನೆ. ಮನೆಯ ಯಜಮಾನ ಉದ್ದಗಲಗಳನ್ನು ಗುಣಿಸಿ ಒಪ್ಪಿಕೊಳ್ಳುತ್ತಾನೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾಂಕ್ರೀಟಿನ ನಡುವೆ ಬೆರಳು ತೂರುವಷ್ಟು ಬಿರುಕು ಮೂಡುತ್ತದೆ, ಒಂದು ಅಂಚು ಮೇಲೇಳುತ್ತದೆ, ಇನ್ನೊಂದು ಕುಸಿಯುತ್ತದೆ. ಸಿಮೆಂಟು ಕಳಪೆಯೆಂದು ಯಜಮಾನನೂ, ನೀರು ಸರಿಯಾಗಿ ಹೊಡೆಯಲಿಲ್ಲವೆಂದು ಗೌಂಡಿಯೂ ಪರಸ್ಪರ ದೂರುತ್ತಾರೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಇರುವುದು ಕಾಂಕ್ರೀಟಿನಲ್ಲಲ್ಲ, ಅದರ ಕೆಳಗೆ. ಆ ಕೆಳಗಿನ ಖರ್ಚು ಅಂದಾಜಿನಲ್ಲಿ ಸೇರಿರುವುದೇ ಇಲ್ಲ.

ಬೆಳಗಾವಿ ಜಿಲ್ಲೆಯ ಸಿರಸಂಗಿ ಹೊರಗಿನವರಿಗೆ ಪರಿಚಿತವಾಗಿರುವುದು ವಿಶ್ವಕರ್ಮರ ಆರಾಧ್ಯದೈವವಾದ ಕಾಳಿಕಾದೇವಿಯಿಂದ ಮತ್ತು ತನ್ನ ಸಂಸ್ಥಾನದ ಆಸ್ತಿಯನ್ನು ವಿದ್ಯಾದಾನಕ್ಕೆ ಮುಡುಪಿಟ್ಟ ದೇಸಾಯಿ ಲಿಂಗರಾಜರಿಂದ. ಕಟ್ಟಡ ಕಟ್ಟುವವನಿಗೆ ಮಾತ್ರ ಈ ಭಾಗದ ಮೊದಲ ಪರಿಚಯ ಅದರ ಮಣ್ಣು. ಮಲಪ್ರಭೆಯ ಕೊಳ್ಳದ ಎರೆಭೂಮಿ ಹಿಂಗಾರಿನ ಜೋಳ, ಕಡಲೆ, ಗೋಧಿಗಳಿಗೆ ತಾಯಿಯಂತೆ. ಕಾಂಕ್ರೀಟಿಗೆ ಮಾತ್ರ ಅದು ಸುಲಭವಾಗಿ ಒಗ್ಗುವ ನೆಲವಲ್ಲ.

ನೆಲದ ಸ್ವಭಾವ

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಯ ಅಂಶ ಅಧಿಕವಾಗಿರುತ್ತದೆ. ಈ ಜೇಡಿಯ ಕಣಗಳು ಹಾಳೆಗಳಂತೆ ಪದರುಪದರಾಗಿದ್ದು, ನೀರು ಪದರಗಳ ನಡುವೆ ಸೇರಿದಾಗ ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಕುಗ್ಗಿ ಸೀಳುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೋಲು ಇಳಿಬಿಡುವ ಮಕ್ಕಳಿಗೂ ಇದು ಗೊತ್ತಿರುವ ಸಂಗತಿ. ಬಿತ್ತುವವನಿಗೆ ಈ ಗುಣ ವರವಾಗಿದೆ, ಏಕೆಂದರೆ ಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಮಳೆಯಿಲ್ಲದ ಚಳಿಗಾಲದಲ್ಲಿಯೂ ಬೆಳೆಯನ್ನು ಸಾಕುತ್ತದೆ.

ಇದೇ ಮಣ್ಣಿನ ಮೇಲೆ ಕಾಂಕ್ರೀಟಿನ ಹಾಸನ್ನು ಹಾಕಿದಾಗ ಬೇರೊಂದು ಪರಿಣಾಮವಾಗುತ್ತದೆ. ಹಾಸಿನ ನಡುಭಾಗದ ಕೆಳಗಿನ ಮಣ್ಣಿಗೆ ಮಳೆಯೂ ತಾಗುವುದಿಲ್ಲ, ಬಿಸಿಲೂ ತಾಗುವುದಿಲ್ಲ. ಅಂಚುಗಳ ಕೆಳಗಿನ ಮಣ್ಣು ಮಾತ್ರ ಮಳೆಗಾಲದಲ್ಲಿ ನೆನೆದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಹೀಗೆ ಅಂಚು ಏರಿಳಿಯುತ್ತ ನಡು ನಿಂತಲ್ಲೇ ಇದ್ದರೆ, ಬಾಗಲಾರದ ಕಾಂಕ್ರೀಟು ಒಡೆಯುತ್ತದೆ. ಬಚ್ಚಲ ನೀರು ಒಂದೇ ಬದಿಯಲ್ಲಿ ಇಂಗುತ್ತಿದ್ದರೆ ಅಥವಾ ಬೇವಿನ ಮರದ ಬೇರು ಒಂದು ಮೂಲೆಯ ತೇವವನ್ನು ಹೀರುತ್ತಿದ್ದರೆ ಒಡಕು ಇನ್ನೂ ಬೇಗ ಬರುತ್ತದೆ.

ಈ ಸಮಸ್ಯೆ ಹೊಸದಲ್ಲ. ಎರೆಭೂಮಿಯಲ್ಲಿ ಕಾಲುವೆ ತೋಡಿದ ಎಂಜಿನಿಯರುಗಳು ಇದನ್ನು ಮೊದಲೇ ಎದುರಿಸಿದ್ದರು. ಉಬ್ಬದಿರುವ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರವೊಂದನ್ನು ಎರೆಮಣ್ಣಿಗೂ ಕಾಂಕ್ರೀಟಿಗೂ ನಡುವೆ ದಮ್ಮಸ್ಸು ಮಾಡಿ ಹಾಕಿದರೆ ಉಬ್ಬರದ ಒತ್ತಡ ಬಹುಮಟ್ಟಿಗೆ ತಗ್ಗುತ್ತದೆಯೆಂದು ಮುಂಬಯಿ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲಿ ಪ್ರತಿಪಾದಿಸಿದರು. ಉಬ್ಬುವ ಮಣ್ಣಿನಲ್ಲಿ ಕಾಲುವೆಗಳಿಗೆ ಒಳಹೊದಿಕೆ ಹಾಕುವ ಬಗೆಗಿನ ಭಾರತೀಯ ಮಾನಕ ಐಎಸ್ 9451 ಇದೇ ತತ್ತ್ವವನ್ನು ಅಂಗೀಕರಿಸಿದೆ. ಕಾಲುವೆಗೆ ಸಲ್ಲುವ ಈ ಮಾತು ಮನೆಯ ಮುಂದಿನ ದಾರಿಗೂ ಸಲ್ಲುತ್ತದೆ. ಅಂಥ ಪದರಕ್ಕೆ ಈ ಭಾಗದಲ್ಲಿ ಸುಲಭವಾಗಿ ಒದಗುವ ವಸ್ತುವೆಂದರೆ ಒಳ್ಳೆಯ ಗರಸು.

ಉದಾಹರಣೆಗೆ ಒಂದು ದಾರಿ

ಲೆಕ್ಕ ತಿಳಿಯಲು ಒಂದು ಉದಾಹರಣೆ ಬೇಕು. ಗೇಟಿನಿಂದ ಕಟ್ಟೆಯವರೆಗೆ 30 ಅಡಿ ಉದ್ದ, 10 ಅಡಿ ಅಗಲದ ದಾರಿಯೆಂದು ಭಾವಿಸಬಹುದು. ಒಟ್ಟು 300 ಚದರ ಅಡಿ. ಕಾರು ಮಾತ್ರವಲ್ಲದೆ ಸುಗ್ಗಿಯಲ್ಲಿ ಕಡಲೆ, ಗೋವಿನಜೋಳದ ಚೀಲ ಹೇರಿದ ಟ್ರ್ಯಾಕ್ಟರ್ ಟ್ರೇಲರ್ ಕೂಡ ಇದರ ಮೇಲೆ ಬರಲಿದೆ. ಆದ್ದರಿಂದ ಕಾಂಕ್ರೀಟಿನ ದಪ್ಪ 6 ಇಂಚು ಇರಬೇಕು. ಬರೀ ಕಾರು, ದ್ವಿಚಕ್ರ ವಾಹನಗಳಿಗಾದರೆ 5 ಇಂಚು ಸಾಕಾಗಬಹುದು. ಆದರೆ ರೈತರ ಮನೆಯ ಅಂಗಳಕ್ಕೆ ಯಾವ ದಿನ ಯಾವ ಗಾಡಿ ಬರುವುದೆಂದು ಹೇಳಲಾಗದು.

ಕೆಲಸವನ್ನು ಎರಡು ಭಾಗವಾಗಿ ನೋಡಬೇಕು. ಒಂದು, ಕಾಂಕ್ರೀಟಿನ ಕೆಳಗಿನದು, ಇನ್ನೊಂದು, ಕಾಂಕ್ರೀಟು. ಚದರ ಅಡಿಯ ದರ ಹೇಳುವವರು ಸಾಮಾನ್ಯವಾಗಿ ಎರಡನೆಯದನ್ನಷ್ಟೇ ಹೇಳುತ್ತಾರೆ.

ಕೆಳಗಿನ ಕೆಲಸ: ಅಗೆತ ಮತ್ತು ಗರಸು

ಮೊದಲು ಎರೆಮಣ್ಣನ್ನು 15 ಇಂಚು ಆಳಕ್ಕೆ ತೆಗೆಯಬೇಕು. ಅಗೆತವು ಕಾಂಕ್ರೀಟಿಗಿಂತ ಎರಡೂ ಬದಿಗೆ ಒಂದೊಂದು ಅಡಿ ಅಗಲವಾಗಿರಬೇಕು, ಏಕೆಂದರೆ ಏರಿಳಿತ ನಡೆಯುವುದೇ ಅಂಚಿನಲ್ಲಿ. ಹೀಗಾಗಿ ಅಗೆಯುವ ಅಗಲ 12 ಅಡಿ. ಲೆಕ್ಕ ಹೀಗೆ: 30 × 12 × 1.25 = 450 ಘನ ಅಡಿ. ಅಗೆದ ಮಣ್ಣು ಸಡಿಲಗೊಂಡು ಸುಮಾರು ಶೇ. 30ರಷ್ಟು ಹಿಗ್ಗುವುದರಿಂದ ಸಾಗಿಸಬೇಕಾದುದು 585 ಘನ ಅಡಿ, ಅಂದರೆ 100 ಘನ ಅಡಿಯ ಬ್ರಾಸಿನ ಲೆಕ್ಕದಲ್ಲಿ ಸುಮಾರು 6 ಬ್ರಾಸ್. ಈ ಮಣ್ಣು ವ್ಯರ್ಥವಲ್ಲ. ಮಸಾರಿ ಹೊಲವುಳ್ಳವರು ಅದನ್ನು ಹೊಲಕ್ಕೆ ಹರಡಿಕೊಳ್ಳಲು ಒಯ್ಯುವುದುಂಟು. ಅಂಥವರು ದೊರೆತರೆ ಸಾಗಣೆಯ ಖರ್ಚು ಉಳಿಯುತ್ತದೆ.

ತೆಗೆದ ಜಾಗಕ್ಕೆ 12 ಇಂಚು ಗರಸು ತುಂಬಬೇಕು. ದಮ್ಮಸ್ಸು ಮಾಡಿದ ಮೇಲೆ ಅದು 360 ಘನ ಅಡಿ ಆಗಬೇಕಾದರೆ ಸಡಿಲ ಗರಸು ಅದಕ್ಕಿಂತ ಶೇ. 30ರಷ್ಟು ಹೆಚ್ಚು ಬೇಕು. ಬದಿಯ ಅಂಚು ಕಟ್ಟಲು ಬೇಕಾದುದನ್ನೂ ಸೇರಿಸಿ 5 ಬ್ರಾಸ್ ಎಂದು ಹಿಡಿಯಬಹುದು. ಇದನ್ನು ಒಮ್ಮೆಗೇ ಸುರಿಯದೆ 6 ಇಂಚಿನ ಎರಡು ಪದರಗಳಾಗಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿಯೊಂದು ಪದರವನ್ನೂ ರೋಲರಿನಿಂದ ಗಟ್ಟಿಗೊಳಿಸಬೇಕು. ಗರಸಿನ ಮೇಲೆ 6 ಇಂಚು ಕಾಂಕ್ರೀಟು ಬಂದಾಗ ದಾರಿಯ ಮೇಲ್ಮೈ ಸುತ್ತಲಿನ ನೆಲಕ್ಕಿಂತ 3 ಇಂಚು ಎತ್ತರವಾಗಿ, ನೀರು ಹಾಸಿನ ಬುಡದಲ್ಲಿ ನಿಲ್ಲದೆ ಹರಿದುಹೋಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಗರಸು ದೂರವೆಂದು ಉಸುಕು, ಖಡಿಪುಡಿ ಅಥವಾ ಒಡೆದ ಇಟ್ಟಂಗಿಯ ಚೂರು ತುಂಬುತ್ತಾರೆ. ಇವುಗಳ ನಡುವೆ ನೀರು ಸರಾಗವಾಗಿ ಇಳಿಯುತ್ತದೆ. ಕೆಳಗಿನ ಎರೆಮಣ್ಣು ಆ ನೀರನ್ನು ಬಿಟ್ಟುಕೊಡದ ಕಾರಣ ಅಗೆದ ಗುಂಡಿ ತೊಟ್ಟಿಯಂತಾಗಿ, ಮಣ್ಣು ಮೊದಲಿಗಿಂತ ಹೆಚ್ಚು ನೆನೆಯುತ್ತದೆ. ತುಂಬುವ ವಸ್ತು ನೀರನ್ನು ತಡೆಯಬೇಕು, ಆದರೆ ತಾನು ಉಬ್ಬಬಾರದು. ಅಂಟುಗುಣವುಳ್ಳ ಕೆಂಪು ಗರಸು ಯೋಗ್ಯವೆನ್ನುವುದು ಇದಕ್ಕಾಗಿಯೇ.

ಗರಸು ತೀರ ದುಬಾರಿಯಾದಲ್ಲಿ ಇನ್ನೊಂದು ಮಾರ್ಗವಿದೆ. ಅಗೆದ ತಳದ 6 ಇಂಚು ಎರೆಮಣ್ಣಿಗೆ ಶೇ. 4ರಷ್ಟು ಸುಣ್ಣ ಬೆರೆಸಿ ದಮ್ಮಸ್ಸು ಮಾಡಿದರೆ ಅದರ ಉಬ್ಬುವ ಗುಣ ಬಹಳಷ್ಟು ಕುಗ್ಗುತ್ತದೆ. ಆಗ ಅದರ ಮೇಲಿನ ಗರಸಿನ ಪದರವನ್ನು ತುಸು ತೆಳುಗೊಳಿಸಬಹುದು. ಈ ಅಳತೆಗೆ ಸುಮಾರು 300 ಕಿಲೋ ಸುಣ್ಣ ಬೇಕಾಗುತ್ತದೆ. ಆದರೆ ಹೆಂಟೆ ಉಳಿಯದಂತೆ ಮಣ್ಣನ್ನು ಪುಡಿಮಾಡಿ ಸಮನಾಗಿ ಬೆರೆಸುವುದು ಶ್ರಮದ ಕೆಲಸ. ಸುಣ್ಣ ಕೈ, ಕಣ್ಣುಗಳನ್ನು ಸುಡುವುದರಿಂದ ಎಚ್ಚರಿಕೆಯೂ ಅಗತ್ಯ.

ಎರೆಮಣ್ಣಿನ ಪದರ ಹಲವು ಅಡಿ ಆಳವಿರುವಲ್ಲಿ 15 ಇಂಚು ತೆಗೆದ ಮಾತ್ರಕ್ಕೆ ಉಬ್ಬರ ಪೂರ್ಣವಾಗಿ ನಿಲ್ಲುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅದು ಕಡಿಮೆಯಾಗುತ್ತದೆ ಮತ್ತು ಒಂದೇ ಕಡೆ ಎದ್ದು ಒಡೆಯುವ ಬದಲು ಎಲ್ಲೆಡೆ ಸಮನಾಗಿ ಹಂಚಿಹೋಗುತ್ತದೆ. ಮನೆಯ ದಾರಿಗೆ ಅಷ್ಟು ಸಾಕು.

ಮೇಲಿನ ಕೆಲಸ: ಸಿಮೆಂಟು, ಉಸುಕು, ಖಡಿ

ಕಾಂಕ್ರೀಟಿನ ಗಾತ್ರ 300 × 0.5 = 150 ಘನ ಅಡಿ, ಅಂದರೆ 4.25 ಘನ ಮೀಟರ್. ವಾಹನ ಓಡಾಡುವ ಹಾಸಿಗೆ ಎಂ 20 ದರ್ಜೆಯ ಮಿಶ್ರಣ ಬೇಕು. ರೂಢಿಯ ಮಾತಿನಲ್ಲಿ ಅದು ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿ. ಈ ಪ್ರಮಾಣದಲ್ಲಿ ಒಂದು ಘನ ಮೀಟರ್ ಕಾಂಕ್ರೀಟಿಗೆ 50 ಕಿಲೋದ 8 ಚೀಲ ಸಿಮೆಂಟು, 0.42 ಘನ ಮೀಟರ್ ಉಸುಕು, 0.84 ಘನ ಮೀಟರ್ ಖಡಿ ಬೇಕಾಗುತ್ತದೆ. ಒಣ ಸಾಮಗ್ರಿಯ ಒಟ್ಟು ಗಾತ್ರ ಸಿದ್ಧ ಕಾಂಕ್ರೀಟಿಗಿಂತ ಸುಮಾರು ಒಂದೂವರೆ ಪಟ್ಟು ಇರುವುದು ಸಹಜ. ಉಸುಕು ಖಡಿಯ ಸಂದುಗಳನ್ನೂ, ಸಿಮೆಂಟು ಉಸುಕಿನ ಸಂದುಗಳನ್ನೂ ತುಂಬುವುದರಿಂದ ಕಲಸಿದ ಮೇಲೆ ಗಾತ್ರ ಇಳಿಯುತ್ತದೆ.

ಇದರಂತೆ ಈ ದಾರಿಗೆ 34 ಚೀಲ ಸಿಮೆಂಟು ಬೇಕು. ಶೇ. 5ರಷ್ಟು ಹಾಳು ಸೇರಿಸಿದರೆ 36 ಚೀಲ. ಉಸುಕು ಮುಕ್ಕಾಲು ಬ್ರಾಸ್, 20 ಮಿ.ಮೀ. ಖಡಿ ಒಂದೂವರೆ ಬ್ರಾಸ್ ತರಿಸಿದರೆ ಸಾಕು. ಮಿಕ್ಸರ್ ಇಲ್ಲದೆ ಕೈಯಿಂದ ಕಲಸುವುದಾದರೆ ಶೇ. 10ರಷ್ಟು ಹೆಚ್ಚು ಸಿಮೆಂಟು ಬಳಸುವುದು ರೂಢಿ.

ಸಾಮಗ್ರಿ ಕೊಳ್ಳುವಾಗ ಮೂರು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಒಂದು ಟ್ರೇಲರ್ ಎಂದರೆ ಒಂದು ಬ್ರಾಸ್ ಎಂದು ನಂಬಬಾರದು. ಟ್ರೇಲರಿನ ಒಳಭಾಗದ ಉದ್ದ, ಅಗಲ ಮತ್ತು ತುಂಬಿದ ಎತ್ತರಗಳನ್ನು ಅಡಿಗಳಲ್ಲಿ ಗುಣಿಸಿ 100ರಿಂದ ಭಾಗಿಸಬೇಕು. 10 ಅಡಿ ಉದ್ದ, 6 ಅಡಿ ಅಗಲದ ಟ್ರೇಲರಿನಲ್ಲಿ ಒಂದೂವರೆ ಅಡಿ ತುಂಬಿದ್ದರೆ ಅದು 90 ಘನ ಅಡಿ ಮಾತ್ರ. ಕೊಟ್ಟ ಹಣದಲ್ಲಿ ಹತ್ತನೇ ಒಂದು ಭಾಗ ಅಲ್ಲಿಯೇ ಹೋಯಿತು.

ಎರಡನೆಯದು, ಸಿಮೆಂಟು ಚೀಲದ ಮೇಲೆ ಅದು ತಯಾರಾದ ವಾರ ಮತ್ತು ವರ್ಷ ಮುದ್ರಿತವಾಗಿರುತ್ತದೆ. ಮೂರು ತಿಂಗಳು ದಾಟಿದ ಸಿಮೆಂಟು ಬಲ ಕಳೆದುಕೊಳ್ಳತೊಡಗುತ್ತದೆ. ಬೆಳಗಾವಿ ಜಿಲ್ಲೆಯ ಯಾದವಾಡದಲ್ಲಿಯೂ ನೆರೆಯ ಬಾಗಲಕೋಟೆ ಜಿಲ್ಲೆಯ ಮುದ್ದಾಪುರದಲ್ಲಿಯೂ ಸಿಮೆಂಟು ಕಾರ್ಖಾನೆಗಳಿರುವಾಗ ಈ ಭಾಗದವರು ಹಳೆಯ ದಾಸ್ತಾನು ಕೊಳ್ಳಬೇಕಾದ ಅನಿವಾರ್ಯವಿಲ್ಲ.

ಮೂರನೆಯದು, ಉಸುಕಿನ ಕೆಸರು. ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು ಹೊಳೆಯ ಉಸುಕು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಬೆರೆಸಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಬೇಕು. ಮೇಲೆ ನಿಂತ ಕೆಸರಿನ ಪದರವು ಉಸುಕಿನ ಎತ್ತರದ ಹನ್ನೆರಡನೇ ಒಂದು ಭಾಗವನ್ನು ಮೀರಿದ್ದರೆ ಆ ಉಸುಕು ಯೋಗ್ಯವಲ್ಲ. ಎಂ ಸ್ಯಾಂಡ್ ಬಳಸುವವರು ಅದು ಕಾಂಕ್ರೀಟಿಗೆಂದೇ ತೊಳೆದು ಸಿದ್ಧಪಡಿಸಿದ್ದೇ, ಇಲ್ಲವೆ ಬರಿಯ ಖಡಿಪುಡಿಯೇ ಎಂದು ಕೇಳಿ ತಿಳಿಯಬೇಕು.

ಹಣದ ಲೆಕ್ಕ

ದರಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಸಿಮೆಂಟಿನ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಿದುದು ಇದಕ್ಕೆ ಒಂದು ನಿದರ್ಶನ. ಆದ್ದರಿಂದ ಕೆಳಗಿನ ದರಗಳು ಲೆಕ್ಕದ ರೀತಿಯನ್ನು ತೋರಿಸಲು ಹಿಡಿದುಕೊಂಡವು ಮಾತ್ರ. ಓದುಗರು ತಮ್ಮ ಊರಿನಲ್ಲಿ ವಿಚಾರಿಸಿದ ದರವನ್ನು ಆಯಾ ಸಾಲಿನಲ್ಲಿ ತುಂಬಿಕೊಳ್ಳಬೇಕು. ಪ್ರಮಾಣಗಳು ಮಾತ್ರ ಬದಲಾಗುವುದಿಲ್ಲ.

1. ಜೆಸಿಬಿಯಿಂದ ಅಗೆತ, 3 ಗಂಟೆ, ಗಂಟೆಗೆ 1,200ರಂತೆ: 3,600 ರೂ.
2. ಮಣ್ಣು ಸಾಗಣೆ, 6 ಟ್ರೇಲರ್, 500ರಂತೆ: 3,000 ರೂ.
3. ಗರಸು 5 ಬ್ರಾಸ್, ತಂದು ಹಾಕಲು 1,200ರಂತೆ: 6,000 ರೂ.
4. ಹರಡುವುದು, ನೀರು, ರೋಲರ್: 4,000 ರೂ.
5. ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ: 1,500 ರೂ.
6. ಸಿಮೆಂಟು 36 ಚೀಲ, 380ರಂತೆ: 13,680 ರೂ.
7. ಉಸುಕು ಮುಕ್ಕಾಲು ಬ್ರಾಸ್, ಬ್ರಾಸಿಗೆ 4,500ರಂತೆ: 3,375 ರೂ.
8. ಖಡಿ ಒಂದೂವರೆ ಬ್ರಾಸ್, ಬ್ರಾಸಿಗೆ 3,000ದಂತೆ: 4,500 ರೂ.
9. ಮಿಕ್ಸರ್, ವೈಬ್ರೇಟರ್, ಬದಿಯ ಹಲಗೆ, ಗೌಂಡಿ ಮತ್ತು ಆಳುಗಳ ಕೂಲಿ: 9,000 ರೂ.
10. ಕಾಂಕ್ರೀಟಿಗೆ ನೀರುಣಿಸಲು 4 ಟ್ಯಾಂಕರ್: 2,000 ರೂ.
11. ರಸ್ತೆಬದಿಯ ಗಟಾರಕ್ಕೆ ಸಿಮೆಂಟು ಪೈಪು ಹಾಗೂ ಅದರ ಕೂಲಿ: 4,500 ರೂ.

ಒಟ್ಟು 55,155 ರೂ. ಕಾಣದ ಖರ್ಚಿಗೆ ಶೇ. 10ರಂತೆ 5,515 ರೂ. ಸೇರಿಸಿದರೆ 60,670 ರೂ. ಚದರ ಅಡಿಗೆ ಸುಮಾರು 202 ರೂಪಾಯಿ.

ಈಗ 6ರಿಂದ 9ರವರೆಗಿನ ನಾಲ್ಕು ಸಾಲುಗಳನ್ನು ಮಾತ್ರ ಕೂಡಿಸಿ ನೋಡಬೇಕು. ಮೊತ್ತ 30,555 ರೂ.; ಚದರ ಅಡಿಗೆ ಸುಮಾರು 102 ರೂಪಾಯಿ. ಅಂಗಳದಲ್ಲಿ ನಿಂತು ಹೇಳುವ ದರ ಇದುವೇ. ಗೌಂಡಿ ಸುಳ್ಳು ಹೇಳಿರುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರಿಸಿರುತ್ತಾನೆ. ಉಳಿದರ್ಧವನ್ನು ಯಜಮಾನ ಕೇಳಿರುವುದಿಲ್ಲ. ಹಾಗೆ ಬಿಟ್ಟುಹೋದ ಐದು ಸಾಲುಗಳು, ಅಂದರೆ ಅಗೆತದಿಂದ ಪ್ಲಾಸ್ಟಿಕ್ ಹಾಳೆಯವರೆಗಿನ 18,100 ರೂಪಾಯಿ ಉಳಿಯಿತೆಂದು ಆರಂಭದಲ್ಲಿ ಅನ್ನಿಸುತ್ತದೆ. ಹಾಸು ಒಡೆದ ದಿನ ಆ ಉಳಿತಾಯದ ಜೊತೆಗೆ ಮೇಲಿನ 30,555 ರೂಪಾಯಿಯೂ ಹೋಗಿ, ಒಡೆದ ಕಾಂಕ್ರೀಟನ್ನು ಕಿತ್ತು ಸಾಗಿಸುವ ಖರ್ಚು ಬೇರೆ ತಲೆಯ ಮೇಲೆ ಬೀಳುತ್ತದೆ.

ಎಲ್ಲಿ ಉಳಿಸಬಾರದು, ಎಲ್ಲಿ ಉಳಿಸಬಹುದು

ಖರ್ಚು ಹೆಚ್ಚೆನಿಸಿದಾಗ ಮೊದಲು ಕೈಹಾಕುವುದು ದಪ್ಪಕ್ಕೆ. 6 ಇಂಚಿನ ಬದಲು 4 ಇಂಚು ಹಾಕಿದರೆ 12 ಚೀಲ ಸಿಮೆಂಟು, ಕಾಲು ಬ್ರಾಸ್ ಉಸುಕು, ಅರ್ಧ ಬ್ರಾಸ್ ಖಡಿ ಉಳಿಯುತ್ತವೆ. ಮೇಲಿನ ದರದಲ್ಲಿ ಇದು 7,185 ರೂಪಾಯಿ, ಒಟ್ಟು ಖರ್ಚಿನ ಸುಮಾರು ಶೇ. 12. ಆದರೆ ಬಾಗುವಿಕೆಯನ್ನು ತಡೆಯುವ ಹಾಸಿನ ಶಕ್ತಿ ದಪ್ಪದ ವರ್ಗವನ್ನು ಅನುಸರಿಸುತ್ತದೆ. ಆರರ ವರ್ಗ 36, ನಾಲ್ಕರ ವರ್ಗ 16. ಹಣದಲ್ಲಿ ಎಂಟನೇ ಒಂದು ಭಾಗ ಉಳಿಸಲು ಹೋಗಿ ಬಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಂತಾಯಿತು.

ಅದರ ಬದಲು ಅಗಲವನ್ನು 10 ಅಡಿಯಿಂದ 8 ಅಡಿಗೆ ಇಳಿಸಬಹುದು. ದಾರಿ ನೇರವಾಗಿದ್ದರೆ ಟ್ರ್ಯಾಕ್ಟರ್ ಸಾಗಲು ಅಷ್ಟು ಸಾಕು. ಆಗ ಕಾಂಕ್ರೀಟಿನಲ್ಲಿ ಐದನೇ ಒಂದು ಭಾಗ, ಅಗೆತ ಮತ್ತು ಗರಸಿನಲ್ಲಿ ಆರನೇ ಒಂದು ಭಾಗ ಕಡಿಮೆಯಾಗಿ ಸುಮಾರು 9,000 ರೂಪಾಯಿ ಉಳಿಯುತ್ತದೆ. ಬಲ ಎಳ್ಳಷ್ಟೂ ಕುಗ್ಗುವುದಿಲ್ಲ.

ಕಬ್ಬಿಣದ ವಿಚಾರದಲ್ಲಿಯೂ ತಿಳಿವಳಿಕೆ ಅಗತ್ಯ. 8 ಮಿ.ಮೀ. ಸರಳನ್ನು 8 ಇಂಚಿಗೊಂದರಂತೆ ಎರಡೂ ದಿಕ್ಕಿಗೆ ಕಟ್ಟಿದರೆ ಈ ಹಾಸಿಗೆ ಸುಮಾರು 120 ಕಿಲೋ ಬೇಕು. ಕಿಲೋಗೆ 65 ರೂಪಾಯಿ ಹಿಡಿದರೆ 7,800 ರೂಪಾಯಿ. ಕಬ್ಬಿಣವು ಮೂಡಿದ ಬಿರುಕು ಅಗಲವಾಗದಂತೆ ಹಿಡಿದಿಡುತ್ತದೆಯೇ ಹೊರತು ನೆಲ ಉಬ್ಬುವುದನ್ನು ತಡೆಯುವುದಿಲ್ಲ. ಗರಸಿಗೂ ಕಬ್ಬಿಣಕ್ಕೂ ಎರಡಕ್ಕೂ ಹಣವಿದ್ದರೆ ಒಳ್ಳೆಯದೇ. ಒಂದಕ್ಕೆ ಮಾತ್ರ ಇದ್ದರೆ ಅದು ಗರಸಿಗೆ ಸಲ್ಲಬೇಕು.

ಸಂದು ಮತ್ತು ಇಳಿಜಾರು

ಕಾಂಕ್ರೀಟು ಆರುವಾಗ ತಾನೇ ತುಸು ಕುಗ್ಗುತ್ತದೆ. ಉದ್ದನೆಯ ಹಾಸಿನಲ್ಲಿ ಬಿರುಕು ಬಂದೇ ಬರುತ್ತದೆ. ಅದು ಎಲ್ಲಿ ಬರಬೇಕೆಂಬುದನ್ನು ಮೊದಲೇ ನಿರ್ಧರಿಸುವುದು ಜಾಣತನ. 30 ಅಡಿಯ ದಾರಿಯನ್ನು 10 ಅಡಿಯ ಮೂರು ಚೌಕಗಳಾಗಿ ಮಾಡಿ, ಮೊದಲ ದಿನ ಒಂದನೆಯ ಹಾಗೂ ಮೂರನೆಯ ಚೌಕಗಳನ್ನು, ಅವು ಗಟ್ಟಿಯಾದ ಮೇಲೆ ನಡುವಿನದನ್ನು ಹಾಕಿದರೆ ಸಂದುಗಳು ತಾವಾಗಿ ಏರ್ಪಡುತ್ತವೆ. ಕಟ್ಟರ್ ಯಂತ್ರ ದೊರೆಯುವಲ್ಲಿ ಒಮ್ಮೆಗೇ ಹಾಕಿ, ಒಂದು ದಿನದೊಳಗೆ ಒಂದೂವರೆ ಇಂಚಿನಿಂದ ಎರಡು ಇಂಚು ಆಳದ ಗೀರು ಕತ್ತರಿಸಬಹುದು. ಸಂದುಗಳನ್ನು ಡಾಂಬರಿನಿಂದ ತುಂಬದಿದ್ದರೆ ಮಳೆನೀರು ನೇರವಾಗಿ ಗರಸಿಗೆ ಇಳಿಯುತ್ತದೆ.

ದಾರಿಯ ಹಾಸನ್ನು ಮನೆಯ ಕಟ್ಟೆಗೆ ಎಂದಿಗೂ ಅಂಟಿಸಬಾರದು. ಮನೆಯ ಪಾಯ ಆಳದಲ್ಲಿ ನಿಂತಿರುತ್ತದೆ, ದಾರಿ ಮೇಲೆ ತೇಲುತ್ತಿರುತ್ತದೆ. ಎರಡನ್ನೂ ಬೆಸೆದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ನಡುವೆ ಅರ್ಧ ಇಂಚಿನ ಥರ್ಮಾಕೋಲ್ ಹಲಗೆ ಇಟ್ಟರೆ ಸಾಕು. ಇಳಿಜಾರು 10 ಅಡಿಗೆ ಎರಡು ಇಂಚಿನಂತೆ ಮನೆಯಿಂದ ರಸ್ತೆಯ ಕಡೆಗಿರಬೇಕು. ರಸ್ತೆಬದಿಯ ಗಟಾರ ಊರಿನ ಸ್ವತ್ತು. ಅದನ್ನು ಮುಚ್ಚಿ ದಾರಿ ಮಾಡಿದರೆ ನೆರೆಯವರ ಅಂಗಳಕ್ಕೆ ನೀರು ನುಗ್ಗುತ್ತದೆ. ಪೈಪು ಹಾಕುವ ಮುನ್ನ ಗ್ರಾಮ ಪಂಚಾಯತಿಯನ್ನು, ರಸ್ತೆ ಲೋಕೋಪಯೋಗಿ ಇಲಾಖೆಯದಾಗಿದ್ದರೆ ಆ ಇಲಾಖೆಯನ್ನು ಕೇಳಿಕೊಳ್ಳುವುದು ಮುಂದಿನ ತಕರಾರನ್ನು ತಪ್ಪಿಸುತ್ತದೆ.

ಕಾಲ ಮತ್ತು ನೀರು

ಏಪ್ರಿಲ್, ಮೇ ತಿಂಗಳಲ್ಲಿ ಎರೆನೆಲ ಪೂರ್ತಿ ಕುಗ್ಗಿರುತ್ತದೆ. ಆಗ ಹಾಕಿದ ಹಾಸನ್ನು ಮೊದಲ ಮಳೆಯೇ ಎತ್ತುತ್ತದೆ. ಮಳೆಗಾಲದ ನಡುವೆ ಹಾಕಿದ್ದರ ಕೆಳಗಿನ ನೆಲ ಬೇಸಿಗೆಯಲ್ಲಿ ಜಾರಿಕೊಳ್ಳುತ್ತದೆ. ನೆಲದಲ್ಲಿ ಹದವಾದ ತೇವವಿರುವ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಈ ಕೆಲಸಕ್ಕೆ ಉತ್ತಮ.

ಕಲಸುವಾಗ ಚೀಲವೊಂದಕ್ಕೆ 25 ಲೀಟರಿಗಿಂತ ಹೆಚ್ಚು ನೀರು ಹಾಕಬಾರದು. ತೆಳುವಾದರೆ ಹರಡುವುದು ಸುಲಭ, ಆದರೆ ಹೆಚ್ಚಿದ ನೀರು ಆರಿದಾಗ ಉಳಿಯುವ ರಂಧ್ರಗಳೇ ಕಾಂಕ್ರೀಟನ್ನು ದುರ್ಬಲಗೊಳಿಸುತ್ತವೆ. ಹಾಕಿದ ಮೇಲೆ ನೀರುಣಿಸುವುದರಲ್ಲಿ ಜಿಪುಣತನ ಸಲ್ಲದು. ಐಎಸ್ 456ರ ಪ್ರಕಾರ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಒಣಹವೆಯಲ್ಲಿ ಹಾಗೂ ಬೂದಿ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಹಾಸು ತೇವವಾಗಿರಬೇಕು. 14 ದಿನ ಇದ್ದರೆ ಮೇಲು. ಮಣ್ಣಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುವುದು ಹಳೆಯ, ನಂಬಿಕೆಯ ವಿಧಾನ. ತುಂಬಿದ ಟ್ರೇಲರನ್ನು 28 ದಿನಗಳವರೆಗೆ ಒಳಗೆ ಬಿಡದಿರುವುದು ಕ್ಷೇಮ.

ಗುತ್ತಿಗೆ ಕೊಡುವ ಮುನ್ನ

ಒಪ್ಪಂದ ಬಾಯಿಮಾತಿನದಾದರೂ ಒಂದು ಹಾಳೆಯ ಮೇಲೆ ಐದು ಸಂಗತಿಗಳು ಬರೆದಿರಬೇಕು: ಅಗೆಯುವ ಆಳ, ದಮ್ಮಸ್ಸು ಆದ ಮೇಲೆ ಗರಸಿನ ದಪ್ಪ, ಕಾಂಕ್ರೀಟಿನ ದಪ್ಪ, ಸಿಮೆಂಟು ಚೀಲಗಳ ಸಂಖ್ಯೆ ಮತ್ತು ನೀರುಣಿಸುವ ಹೊಣೆ ಯಾರದೆಂಬುದು. ಇಬ್ಬರು ಗೌಂಡಿಗಳ ದರವನ್ನು ಹೋಲಿಸುವಾಗ ಈ ಐದೂ ಒಂದೇ ಆಗಿದ್ದರೆ ಮಾತ್ರ ಹೋಲಿಕೆಗೆ ಅರ್ಥವಿದೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ದೊರೆತರೆ ಅದೂ ಒಂದು ಅಳತೆಗೋಲಾಗುತ್ತದೆ.

ಕೆಲಸದ ದಿನ ಎರಡು ಪರೀಕ್ಷೆಗಳನ್ನು ಯಾರು ಬೇಕಾದರೂ ಮಾಡಬಹುದು. ಕಾಂಕ್ರೀಟು ಸುರಿಯುವ ಮುನ್ನ ಬದಿಯ ಹಲಗೆಗಳ ಮೇಲೆ ಅಡ್ಡವಾಗಿ ದಾರ ಎಳೆದು, ದಾರದಿಂದ ಗರಸಿನವರೆಗಿನ ಆಳವನ್ನು ಹತ್ತು ಕಡೆ ಅಳೆಯಬೇಕು. ಅಂಚಿನಲ್ಲಿ 6 ಇಂಚು ತೋರಿ ನಡುವೆ 4 ಇಂಚು ಇರುವುದು ಅಪರೂಪವಲ್ಲ. ಸಂಜೆ ಖಾಲಿ ಚೀಲಗಳನ್ನು ಎಣಿಸಬೇಕು. 34ರ ಜಾಗದಲ್ಲಿ 25 ಚೀಲಗಳಷ್ಟೇ ಇದ್ದರೆ ಮಿಶ್ರಣ ತೆಳುವಾಗಿದೆ, ಇಲ್ಲವೆ ದಪ್ಪ ಕಡಿಮೆಯಾಗಿದೆ.

ಇಷ್ಟೂ ಹಣ ಒಮ್ಮೆಗೇ ಒದಗದ ಕುಟುಂಬಗಳಿಗೆ ಒಂದು ದಾರಿಯಿದೆ. ಈ ವರ್ಷ ಅಗೆತ ಮತ್ತು ಗರಸಿನ ಕೆಲಸವನ್ನಷ್ಟೇ ಮುಗಿಸಿ, ಒಂದು ಮಳೆಗಾಲ ಅದರ ಮೇಲೆಯೇ ಗಾಡಿ ಓಡಿಸಬಹುದು. ಮೇಲಿನ ಲೆಕ್ಕದಲ್ಲಿ ಅದಕ್ಕೆ ಬೇಕಾಗುವುದು 16,600 ರೂಪಾಯಿ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಮಳೆಯೇ ತೋರಿಸಿಕೊಡುತ್ತದೆ. ಅಲ್ಲಿ ಗರಸು ತುಂಬಿ ಸರಿಪಡಿಸಿ, ಸುಗ್ಗಿಯ ಹಣ ಬಂದ ಮೇಲೆ ಕಾಂಕ್ರೀಟು ಹಾಕಿಸಬಹುದು. ಇವತ್ತು ಗರಸು, ಬರುವ ವರ್ಷ ಕಾಂಕ್ರೀಟು ಎಂದರೆ ನಡೆಯುತ್ತದೆ. ಇವತ್ತು ಕಾಂಕ್ರೀಟು ಹಾಕಿ ಬರುವ ವರ್ಷ ಅದರ ಕೆಳಗೆ ಗರಸು ಹಾಕಲು ಯಾರಿಂದಲೂ ಆಗದು.